ಉಪ್ಪುಗಾಳಿಯಲ್ಲಿ ನಾಲ್ಕು ಮಳೆಗಾಲ: ನಮ್ಮ ಶಾಲೆಯ ರಾಸ್ಪ್‌ಬೆರಿ ಪೈ 400

ನಮ್ಮ ಹೈಸ್ಕೂಲ್ ಇರೋದು ಅಂಕೋಲಾ ಕಡೆ, ಕಡಲ ಹತ್ತಿರ. ಸಂಜೆ ಕಿಟಕಿ ಮುಚ್ಚಲು ಮರೆತರೆ ಬೆಳಿಗ್ಗೆ ಬೆಂಚೆಲ್ಲ ಅಂಟಂಟು. ಇಂಥ ಜಾಗದಲ್ಲಿ ಐದು ರಾಸ್ಪ್‌ಬೆರಿ ಪೈ 400 ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು 2022ರ ಜೂನ್‌ನಿಂದ ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ಐದೂ ಇನ್ನೂ ಓಡುತ್ತಿವೆ. ತಮ್ಮ ಶಾಲೆಗೂ ತರಿಸೋಣವಾ ಅಂತ ಕೇಳುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೋಡಲು ಇದು ಬರೀ ಒಂದು ಕೀಬೋರ್ಡ್. ಕಂಪ್ಯೂಟರ್ ಅದರ ಹೊಟ್ಟೆಯೊಳಗೇ ಇದೆ, 4 ಜಿಬಿ ಮೆಮೊರಿ ಜೊತೆ. 2020ರ ನವೆಂಬರ್‌ನಲ್ಲಿ ಬಂದಾಗ ಬೆಲೆ 70 ಡಾಲರ್ ಇತ್ತು. ಫ್ಯಾನ್ ಇಲ್ಲ, ಒಳಗಿನ ಅಗಲವಾದ ಲೋಹದ ತಗಡು ಬಿಸಿ ಎಳೆದುಕೊಳ್ಳುತ್ತದೆ. ಉಪ್ಪುಗಾಳಿಯನ್ನು ಒಳಗೆ ಎಳೆಯುವ ಫ್ಯಾನ್ ಇಲ್ಲದಿರೋದು ನಮ್ಮಂಥ ಊರಿಗೆ ದೊಡ್ಡ ಅನುಕೂಲ.

ಆದರೆ ಬೆಲೆ ಅಲ್ಲಿಗೇ ಮುಗಿಯಲ್ಲ. ಮಾನಿಟರ್ ಬೇಕು. ನಮ್ಮಲ್ಲಿದ್ದವು ಹಳೆಯ ವಿಜಿಎ ಮಾನಿಟರ್‌ಗಳು, ಪೈಯಲ್ಲಿರೋದು ಮೈಕ್ರೋ ಎಚ್‌ಡಿಎಂಐ, ಹಾಗಾಗಿ ಪ್ರತಿಯೊಂದಕ್ಕೂ ಕನ್ವರ್ಟರ್ ಕೊಳ್ಳಬೇಕಾಯ್ತು. ಹೆಡ್‌ಫೋನ್ ಚುಚ್ಚುವ ಜಾಗವೂ ಇಲ್ಲ. ಚಾರ್ಜರ್ ವಿಷಯದಲ್ಲಂತೂ ಉಳಿತಾಯ ಮಾಡಬೇಡಿ. 5 ವೋಲ್ಟ್, 3 ಆಂಪಿಯರ್ ಕೊಡುವ ಒಳ್ಳೆಯದೇ ಬೇಕು. ಮೊದಲು ಮನೆಯಲ್ಲಿದ್ದ ಫೋನ್ ಚಾರ್ಜರ್ ಹಾಕಿದ್ದೆ. ಪರದೆಯ ಮೂಲೆಯಲ್ಲಿ ಮತ್ತೆ ಮತ್ತೆ ಮಿಂಚಿನ ಗುರುತು ಬರುತ್ತಿತ್ತು. ವೋಲ್ಟೇಜ್ ಸಾಲುತ್ತಿಲ್ಲ ಅಂತ ಅದರ ಅರ್ಥ.

ನಮಗೆ ಜಾಸ್ತಿ ತೊಂದರೆ ಕೊಟ್ಟಿದ್ದು ಕರೆಂಟ್. ಜುಲೈನಲ್ಲಿ ಗಾಳಿಮಳೆ ಹಿಡಿದರೆ ದಿನಕ್ಕೆ ಎಷ್ಟು ಸಲ ಹೋಗುತ್ತದೋ ಲೆಕ್ಕವಿಲ್ಲ. ಪೈಯ ಸಿಸ್ಟಮ್, ಫೈಲ್ ಎಲ್ಲ ಇರೋದು ಒಂದು ಮೆಮೊರಿ ಕಾರ್ಡಿನಲ್ಲಿ. ಫೈಲ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಕಾರ್ಡ್ ಕೆಡಬಹುದು. ಮೊದಲ ವರ್ಷ ಮೂರು ಕಾರ್ಡ್ ಹಾಗೇ ಹೋದವು. ಆಮೇಲೆ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಈಗ ಕಾರ್ಡಿನ ಮೇಲೆ ಏನೂ ಬರೆಯಲ್ಲ, ಮಕ್ಕಳ ಕೆಲಸವೆಲ್ಲ ಪೆನ್‌ಡ್ರೈವ್‌ಗೆ ಹೋಗುತ್ತದೆ. ಅಂದಿನಿಂದ ಒಂದು ಕಾರ್ಡೂ ಕೆಟ್ಟಿಲ್ಲ. ಐದೂ ಪೈ ಸೇರಿ ಎಳೆಯುವ ಕರೆಂಟ್ ಹಳೆಯ 60 ವ್ಯಾಟ್ ಬಲ್ಬಿಗಿಂತ ಕಡಿಮೆ. ಹಾಗಾಗಿ ಆಫೀಸ್ ರೂಮಿನ ಇನ್ವರ್ಟರ್‌ನಿಂದ ಒಂದು ಲೈನ್ ಎಳೆಸಿದೆವು. ಇನ್ನು ಸೆನ್ಸರ್ ಮುಂತಾದವನ್ನು ಜೋಡಿಸುವ, ಹಿಂಬದಿಯ 40 ಪಿನ್ನುಗಳು. ಅವಕ್ಕೆ ಮುಚ್ಚಳ ಹಾಕಿಯೇ ಇಡಿ. ಒಂದು ಬೇಸಿಗೆ ರಜೆಯಲ್ಲಿ ಹಾಗೇ ಬಿಟ್ಟಿದ್ದೆ, ಬಂದು ನೋಡಿದರೆ ಪಿನ್ನುಗಳ ಮೇಲೆ ಮಬ್ಬು ಕೂತಿತ್ತು. ಈಗ ರಜೆ ಬಂತೆಂದರೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ.

ಕನ್ನಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪೈಥಾನ್ 3 ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇರಿಯಬಲ್ (ಮಾಹಿತಿ ಹಿಡಿದಿಡುವ ಡಬ್ಬಿಯಂಥದ್ದು) ಹೆಸರನ್ನು ಕನ್ನಡದಲ್ಲೇ ಇಡಬಹುದು. ಬೆಲೆ, ತೂಕ, ಒಟ್ಟು ಅಂತ ಬರೆದ ದಿನ, ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದ ಮಕ್ಕಳು ಮುಂದೆ ಬಂದರು. ಟೈಪ್ ಮಾಡೋಕೆ ಕಗಪ ಕೀಲಿಮಣೆ, ಎಡಿಟರ್ ಆಗಿ ಜೀನಿ. ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಒಮ್ಮೆ ಒಬ್ಬ ಹುಡುಗಿ 'ಐಸ್‌ಪೆಟ್ಟಿಗೆ' ಅಂತ ಹೆಸರಿಟ್ಟಳು. ಎರರ್ ಬಂತು. ಕಾಗುಣಿತ ಸರಿಯಾಗೇ ಇದೆ, ತಪ್ಪೇ ಕಾಣಲ್ಲ. ಅರ್ಧ ಗಂಟೆ ಹುಡುಕಿದೆವು. 'ಸ್' ಕೆಳಗೆ 'ಪ' ಒತ್ತಾಗಿ ಕೂರದಿರಲಿ ಅಂತ ಹಾಕುವ, ಕಣ್ಣಿಗೆ ಕಾಣದ ಒಂದು ಅಕ್ಷರವಿದೆಯಲ್ಲ, ಅದನ್ನು ಪೈಥಾನ್ ಒಪ್ಪುವುದಿಲ್ಲ. ನಡುವೆ ಅಂಡರ್‌ಸ್ಕೋರ್ ಹಾಕಿ 'ಐಸ್_ಪೆಟ್ಟಿಗೆ' ಮಾಡಿದಳು, ಓಡಿತು. ಕನ್ನಡದಲ್ಲಿ ಕೋಡ್ ಬರೆಸುವವರು ಇದೊಂದನ್ನು ನೆನಪಿಡಿ.

2024ರ ಡಿಸೆಂಬರ್‌ನಲ್ಲಿ ಪೈ 500 ಬಂತು. ಅದು ಇನ್ನೂ ಜೋರು, ಮೆಮೊರಿ 8 ಜಿಬಿ. ಆದರೆ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್, ಜೊತೆಗೆ ಪೈಥಾನ್ ಕಲಿಸೋಕೆ 400 ಧಾರಾಳವಾಗಿ ಸಾಕು. ಉಳಿದ ದುಡ್ಡಲ್ಲಿ ಸೆನ್ಸರ್ ತನ್ನಿ, ಅಂತ ನಾನು ಹೇಳುತ್ತೇನೆ. ಪೈಯ ಸಿಗ್ನಲ್ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ತಾಗಿದರೆ ಸುಟ್ಟುಹೋಗಬಹುದು. ಇದನ್ನು ಮಾತ್ರ ಮಕ್ಕಳಿಗೆ ಮೊದಲ ದಿನವೇ ತೋರಿಸಿಕೊಡಿ.

ಐಸ್ ಪೆಟ್ಟಿಗೆಯ ಹೆಸರಿಟ್ಟ ಆ ಹುಡುಗಿಯ ಮನೆಯವರು ಮೀನು ವ್ಯಾಪಾರದವರು. ನೀರಿಗೆ ಹಾಕಬಹುದಾದ ಡಿಎಸ್18ಬಿ20 ಅನ್ನೋ ಉಷ್ಣತೆ ಸೆನ್ಸರ್ ಮತ್ತು 4.7 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ, ಬಂಗಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯ ಉಷ್ಣತೆ ಅಳೆದಳು. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಗೆರೆ ಮೇಲೇರೋದು ಪರದೆಯ ಮೇಲೆ ಕಾಣುತ್ತಿತ್ತು. ಅವಳ ಅಮ್ಮ ಶಾಲೆಗೆ ಬಂದು ಅದನ್ನು ನಿಂತು ನೋಡಿದರು. "ತಳದಲ್ಲಿ ಎಷ್ಟಿರುತ್ತೆ?" ಅಂತ ಕೇಳಿದರು. ಈ ಶನಿವಾರ ಎರಡನೇ ಸೆನ್ಸರ್ ತಳಕ್ಕೆ ಹಾಕುತ್ತಿದ್ದೇವೆ. ಹೊಸ ಪಿನ್ ಬೇಕಾಗಿಲ್ಲ. ಪ್ರತಿ ಸೆನ್ಸರಿಗೂ ಅದರದ್ದೇ ನಂಬರ್ ಇರುವುದರಿಂದ ಎರಡೂ ಒಂದೇ ವೈರಿನಲ್ಲಿ ಮಾತಾಡುತ್ತವೆ.