ತಮ್ಮನಿಗೆ ಕಾಂಡಕೋಶ ಕೊಟ್ಟೆ: ಸಂಗ್ರಹ ಘಟಕದ ಸೇವೆ ಹೇಗಿತ್ತು

ತಮ್ಮನಿಗೆ ರಕ್ತದ ಕ್ಯಾನ್ಸರ್. ಅವನಿಗೆ ಬೇಕಿದ್ದದ್ದು ಬೇರೊಬ್ಬರ ಕಾಂಡಕೋಶ, ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿದ್ದು ಎಲ್ಲ ರಕ್ತಕಣಗಳಿಗೂ ಮೂಲವಾದ ಕೋಶ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ (ಕೋಶದ ಮೇಲಿನ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮಲ್ಲಿ ಹೊಂದಿದ್ದು ನನ್ನದು. ಹಾಗಾಗಿ ಆರು ದಿನ ಒಂದು ಅಫೆರೆಸಿಸ್ (ರಕ್ತದಿಂದ ಬೇಕಾದ ಕೋಶ ಮಾತ್ರ ಮಷಿನ್‌ನಲ್ಲಿ ಬೇರ್ಪಡಿಸುವ) ಘಟಕಕ್ಕೆ ದಾನಿಯಾಗಿ ಓಡಾಡಿದೆ. ಘಟಕದ ಹೆಸರು ಬೇಡ. ಅಲ್ಲಿ ಏನು ಚೆನ್ನಾಗಿತ್ತು, ಏನು ಸಾಲದೆ ಹೋಯಿತು ಎಂಬುದು ಇನ್ನೊಬ್ಬ ದಾನಿಗೆ ಉಪಯೋಗವಾದರೆ ಸಾಕು.

ನಾನು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಹದಿನೇಳು ವರ್ಷದಿಂದ ಟೆಕ್ನೀಷಿಯನ್. ಮಜ್ಜೆಯ ಸ್ಮಿಯರ್ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೂ ಇಂಜೆಕ್ಷನ್ ಶುರುವಾಗುವ ಮುನ್ನ ನನ್ನನ್ನು ಕೂರಿಸಿ ಮಾತಾಡಿದ್ದು ಹತ್ತೇ ನಿಮಿಷ. "ಐದು ದಿನ ಜಿ-ಸಿಎಸ್‌ಎಫ್ ಚುಚ್ಚುತ್ತೇವೆ, ಮೂಳೆನೋವು ಬರಬಹುದು, ಪ್ಯಾರಾಸಿಟಮಾಲ್ ತಗೊಳ್ಳಿ, ಐದನೇ ದಿನ ಬೆಳಗ್ಗೆ ಮಷಿನ್ ಹತ್ತಿರ ಬನ್ನಿ." ಜಿ-ಸಿಎಸ್‌ಎಫ್ ಎಂದರೆ ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಬರುವಂತೆ ಮಾಡುವ ಔಷಧಿ. ಸಹಿ ಹಾಕಿಸಿಕೊಂಡರು, ಅಷ್ಟೆ. ಎರಡನೇ ದಿನವೂ ಸಂಗ್ರಹ ಬೇಕಾಗಬಹುದೆಂಬ ಮಾತೇ ಬರಲಿಲ್ಲ.

ಕೆಜಿಗೆ 10 ಮೈಕ್ರೋಗ್ರಾಂ ಲೆಕ್ಕ. ನನ್ನ ತೂಕ 58 ಕೆಜಿ, ಆದ್ದರಿಂದ ದಿನಕ್ಕೆ 300ರ ಎರಡು ಸೂಜಿ. ಮೂರನೇ ರಾತ್ರಿ ಸೊಂಟದ ಮೂಳೆ, ಬೆನ್ನು, ಎದೆಮೂಳೆ ಒಟ್ಟಿಗೆ ಮಿಡಿಯತೊಡಗಿದವು, ನಾಡಿಯ ಜೊತೆಜೊತೆಗೇ. ದೊಡ್ಡವರಲ್ಲಿ ರಕ್ತ ಹುಟ್ಟುವ ಜಾಗಗಳು ಇವೇ ಎಂದು ನನಗೆ ಗೊತ್ತಿತ್ತು. ಆದರೂ ಹೆದರಿದೆ. ರಾತ್ರಿ ಕರೆ ಮಾಡಿ ಎಂದು ಕೊಟ್ಟಿದ್ದ ನಂಬರಿಗೆ ಮೂರು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಇದನ್ನು ಅವರಿಗೆ ಬರೆದೂ ಕೊಟ್ಟಿದ್ದೇನೆ. ಈ ಔಷಧಿಯಲ್ಲಿ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ; ಅಪರೂಪಕ್ಕೆ ಒಡೆಯುವುದೂ ಉಂಟು. ಎಡಪಕ್ಕೆಯಲ್ಲಿ ನೋವು ಬಂದ ದಾನಿ ಕರೆ ಮಾಡಿದಾಗ ಆ ಕಡೆಯಿಂದ ದನಿ ಬರಲೇಬೇಕು.

ಐದನೇ ದಿನ ಎಲ್ಲ ಬದಲಾಯಿತು. ಬಿಳಿರಕ್ತಕಣ 44,000ಕ್ಕೆ ಏರಿತ್ತು. ರಕ್ತದಲ್ಲಿ ಮಾಮೂಲಿ ದಿನ ಒಂದು ಮೈಕ್ರೋಲೀಟರಿಗೆ ಬೆರಳೆಣಿಕೆಯಷ್ಟಿರುವ ಸಿಡಿ34 ಕೋಶಗಳು, ಅಂದರೆ ಕಾಂಡಕೋಶದ ಗುರುತಿರುವವು, 48 ಆಗಿದ್ದವು. ಎರಡೂ ತೋಳಿಗೆ ಸೂಜಿ ಹಾಕಿದ ಸಿಸ್ಟರ್ ಕೈ ಎಷ್ಟು ಹಗುರವೆಂದರೆ, ಚುಚ್ಚಿದ್ದೇ ತಿಳಿಯಲಿಲ್ಲ. ನಾಲ್ಕೂವರೆ ಗಂಟೆಯಲ್ಲಿ ಹನ್ನೊಂದು ಲೀಟರಿನಷ್ಟು ರಕ್ತ ಮಷಿನ್ ಒಳಗೆ ಹೋಗಿ ವಾಪಸ್ ಬಂತು. ರಕ್ತ ಹೆಪ್ಪುಗಟ್ಟದಿರಲು ಸೇರಿಸುವ ಸಿಟ್ರೇಟ್‌ನಿಂದ ತುಟಿ ಜುಮ್ಮೆನ್ನತೊಡಗಿತು. ನಾನು ಬಾಯಿ ಬಿಡುವ ಮೊದಲೇ ಅವರು ಮುಖ ನೋಡಿ ಕ್ಯಾಲ್ಸಿಯಂ ಕೊಟ್ಟರು.

ಆ ಹೊತ್ತಿನಲ್ಲೇ ಘಟಕದ ಡಾಕ್ಟರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನೀವು ಲ್ಯಾಬ್‌ನವರು ತಾನೆ? ಈ ಕೋಶಗಳು ಯಾಕೆ ಹೊರಗೆ ಬಂದಿವೆ ಗೊತ್ತಾ ಮೇಡಂ?" ಎಂದರು. ಅರ್ಧ ಗಂಟೆ ಹೇಳಿದರು. ಈ ವಿಮರ್ಶೆ ಬರೆಯುತ್ತಿರುವುದೇ ಆ ಅರ್ಧ ಗಂಟೆಗಾಗಿ.

ಜಿ-ಸಿಎಸ್‌ಎಫ್ ಕಾಂಡಕೋಶವನ್ನು ನೇರವಾಗಿ ಹೊರಗಟ್ಟುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದು ಕೆಡಿಸುವುದು ಕೋಶ ಕೂತಿರುವ ನೆಲೆಯನ್ನು. ಮಜ್ಜೆಯ ಸಣ್ಣ ರಕ್ತನಾಳಗಳ ಸುತ್ತ ಹಬ್ಬಿರುವ ಆಧಾರಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಸಂಕೇತ ಸ್ರವಿಸುತ್ತವೆ. ಕಾಂಡಕೋಶದ ಮೈಮೇಲೆ ಅದನ್ನು ಹಿಡಿಯುವ ಸಿಎಕ್ಸ್‌ಸಿಆರ್4 ಇದೆ. ಆ ಹಿಡಿತ ಇರುವತನಕ ಕೋಶ ಕೂತಲ್ಲೇ ಇರುತ್ತದೆ, ಹೆಚ್ಚಾಗಿ ಸುಮ್ಮನೆ, ವಿಭಜನೆಯಾಗದೆ. ಇಂಜೆಕ್ಷನ್ ಬಿದ್ದ ಮೇಲೆ ಮಜ್ಜೆಯಲ್ಲಿನ ಮಾನೋಸೈಟ್ ಎಂಬ ಬಿಳಿರಕ್ತಕಣ ಜಾತಿಯ ಕೋಶಗಳ ಮೂಲಕ ಆಧಾರಕೋಶಗಳಿಗೂ ಮೂಳೆ ಕಟ್ಟುವ ಕೋಶಗಳಿಗೂ ಸುದ್ದಿ ಮುಟ್ಟಿ, ಸಿಎಕ್ಸ್‌ಸಿಎಲ್12 ಇಳಿಯುತ್ತದೆ. ಹಿಡಿತ ಸಡಿಲವಾದ ಕೋಶ ರಕ್ತಕ್ಕೆ ಜಾರುತ್ತದೆ. ಇದು ಸಾಲದ ರೋಗಿಗಳಿಗೆ ಪ್ಲೆರಿಕ್ಸಾಫೋರ್ ಕೊಡುತ್ತಾರೆ; ಸಿಎಕ್ಸ್‌ಸಿಆರ್4ಅನ್ನೇ ಅದು ಮುಚ್ಚಿಬಿಡುತ್ತದೆ. ಎಚ್‌ಐವಿಗೆಂದು ಪರೀಕ್ಷಿಸುತ್ತಿದ್ದಾಗ ಬಿಳಿರಕ್ತಕಣ ಏರಿದ್ದು ಕಂಡು ಈ ಕೆಲಸಕ್ಕೆ ತಿರುಗಿದ ಔಷಧಿಯದು. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನೆಲೆಯೇ ಕಾಂಡಕೋಶವನ್ನು ಕಾಂಡಕೋಶವಾಗಿ ಉಳಿಸುತ್ತದೆ ಎಂಬ ಊಹೆಯನ್ನು ವಿಜ್ಞಾನಿ ರೇ ಸ್ಕೋಫೀಲ್ಡ್ 1978ರಲ್ಲೇ ಮುಂದಿಟ್ಟಿದ್ದರು ಎಂದೂ ಡಾಕ್ಟರು ಹೇಳಿದರು. ಕೇಳುತ್ತಾ ನನ್ನ ಕೆಲಸವೇ ಕಣ್ಣ ಮುಂದೆ ಬಂತು. ಸ್ಮಿಯರ್ ಎಂದರೆ ಸಿರಿಂಜಿನಲ್ಲಿ ಎಳೆದು ಗಾಜಿನ ಮೇಲೆ ಸವರಿದ ಮಜ್ಜೆ. ಯಾರ ಪಕ್ಕ ಯಾರಿದ್ದರು ಎಂಬುದೆಲ್ಲ ಅಲ್ಲಿ ಅಳಿಸಿಹೋಗಿರುತ್ತದೆ. ಹದಿನೇಳು ವರ್ಷ ನಾನು ಎಣಿಸಿದ್ದು ಮನೆ ಬಿಡಿಸಿದ ಕೋಶಗಳನ್ನು. ಮನೆ ಕಾಣುವುದು ಬಯಾಪ್ಸಿಯ ತುಂಡಿನಲ್ಲಿ: ಮೂಳೆಯ ಎಳೆ, ಕೊಬ್ಬಿನ ಕೋಶ, ರಕ್ತನಾಳ, ಅದಕ್ಕೆ ಒರಗಿದ ದೊಡ್ಡ ಮೆಗಾಕ್ಯಾರಿಯೋಸೈಟ್. ಪ್ಲೇಟ್‌ಲೆಟ್ ಮಾಡುವುದಷ್ಟೇ ಅದರ ಕೆಲಸ ಎಂದುಕೊಂಡಿದ್ದೆ. ಪಕ್ಕದ ಕಾಂಡಕೋಶವನ್ನು ಸುಮ್ಮನಿರಿಸುವುದೂ ಅದೇ ಎಂದು 2014ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ.

ಇದನ್ನು ಮೊದಲ ದಿನವೇ ಹೇಳಿದ್ದರೆ ಮೂರನೇ ರಾತ್ರಿಯ ನೋವು ಕಡಿಮೆಯಾಗುತ್ತಿರಲಿಲ್ಲ, ನಿಜ. ಆದರೆ ಮಜ್ಜೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿದು ಮಲಗುವುದೇ ಬೇರೆ, ಏನೋ ಕೆಟ್ಟಿದೆ ಎಂದು ಹೆದರಿ ಕೂರುವುದೇ ಬೇರೆ. ಲ್ಯಾಬ್‌ನವಳಾದ್ದರಿಂದ ನನಗೆ ಈ ಮಾತು ಸಿಕ್ಕಿತು. ಪಕ್ಕದ ಹಾಸಿಗೆಯ ಹುಡುಗ ಅಪ್ಪನಿಗಾಗಿ ಕೊಡುತ್ತಿದ್ದ. ಅವನಿಗೆ ಯಾರೂ ಹೇಳಲಿಲ್ಲ; ಮಾರನೇ ದಿನ ನಾನೇ ಹೇಳಿದೆ.

ಮಾರನೇ ದಿನ ಹೋಗಬೇಕಾಯಿತು, ಯಾಕೆಂದರೆ ಮೊದಲ ದಿನ ಸಿಕ್ಕಿದ್ದು ತಮ್ಮನ ತೂಕದ ಕೆಜಿಗೆ 40 ಲಕ್ಷ ಸಿಡಿ34 ಕೋಶ. ಕನಿಷ್ಠ 20 ಲಕ್ಷ ಬೇಕು, ಇವರ ಗುರಿ 50 ಲಕ್ಷ. ಎರಡನೇ ಸಲ ಬೇಗ ಮುಗಿಯಿತು. ಆಮೇಲಿನ ಆರೈಕೆ ಚೆನ್ನಾಗಿತ್ತು: ಸಂಗ್ರಹದಲ್ಲಿ ಪ್ಲೇಟ್‌ಲೆಟ್‌ಗಳೂ ಹೋಗಿರುತ್ತವೆಂದು ಎಚ್ಚರಿಸಿ, ವಾರದ ನಂತರ ಕರೆಸಿ ಕೌಂಟ್ ನೋಡಿದರು. ಸೂಜಿ, ಮಷಿನ್, ಸಿಸ್ಟರ್‌ಗಳಿಗೆ ಐದಕ್ಕೆ ಐದು. ಮೊದಲ ದಿನದ ಸಲಹೆಗೆ ಎರಡು. ರಾತ್ರಿಯ ಫೋನಿಗೆ ಏನೂ ಇಲ್ಲ. ನಿಮ್ಮಲ್ಲಿ ಯಾರಾದರೂ ದಾನಿಯಾಗುವುದಿದ್ದರೆ ಸಹಿ ಹಾಕುವ ಮೊದಲು ಡಾಕ್ಟರನ್ನು ಕೂರಿಸಿಕೊಂಡು ಕೇಳಿ: ಕೋಶ ಹೇಗೆ ಹೊರಬರುತ್ತದೆ, ಎರಡನೇ ದಿನ ಬೇಕಾಗಬಹುದೇ, ರಾತ್ರಿ ಫೋನ್ ಎತ್ತುವವರು ಯಾರು.

ತಮ್ಮನಿಗೆ ನನ್ನ ಕೋಶ ಕೊಟ್ಟಿದ್ದು ಮಾಮೂಲಿ ರಕ್ತದ ಚೀಲದಂತೆ, ರಕ್ತನಾಳದ ಮೂಲಕ. ಮೂಳೆಗೆ ಯಾರೂ ಚುಚ್ಚಲಿಲ್ಲ. ಯಾವ ಸಂಕೇತ ಬಿಟ್ಟು ನನ್ನಿಂದ ಹೊರಟವೋ ಅದೇ ಸಂಕೇತ ಹಿಡಿದು ಅವನ ಮಜ್ಜೆಗೆ ಸೇರಿಕೊಂಡವು. "ಅಕ್ಕ, ಅವಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?" ಎಂದು ಅವನು ಕೇಳಿದಾಗ ಉತ್ತರ ನನ್ನ ಬಳಿ ಇತ್ತು. ಹದಿನೈದನೇ ದಿನ ಸೋಂಕು ತಡೆಯುವ ಬಿಳಿರಕ್ತಕಣ ನ್ಯೂಟ್ರೋಫಿಲ್ 500 ದಾಟಿತು, ನನ್ನ ಕೋಶ ಬೇರೂರಿದ ಗುರುತು.

ಮೂವತ್ತನೇ ದಿನದ ಬಯಾಪ್ಸಿ ನೋಡಲು ತಮ್ಮನೂ ಅಲ್ಲಿನ ಪೆಥಾಲಜಿಸ್ಟ್ ಕೂಡ ಒಪ್ಪಿದರು. ಎಕ್ಸ್-ವೈ ಪರೀಕ್ಷೆಯಲ್ಲಿ ಎಣಿಸಿದ 200 ರಕ್ತಕೋಶಗಳಲ್ಲಿ 198ರಲ್ಲಿ ಎರಡು ಎಕ್ಸ್ ವರ್ಣತಂತು (ಹೆಣ್ಣಿನ ಕೋಶ), ಅಂದರೆ ನನ್ನವು. ಅವುಗಳಿಗೆ ಜಾಗ ಕೊಟ್ಟ ಆಧಾರಕೋಶಗಳು ಈ ಚಿಕಿತ್ಸೆಯಲ್ಲಿ ಬಹುಮಟ್ಟಿಗೆ ರೋಗಿಯವೇ ಉಳಿಯುತ್ತವೆ. ಎಳೆಯ ಮೆಗಾಕ್ಯಾರಿಯೋಸೈಟ್ ಒಂದು ರಕ್ತನಾಳಕ್ಕೆ ಒರಗಿ ಕೂತಿತ್ತು. ಅದನ್ನು ಬಹಳ ಹೊತ್ತು ನೋಡಿದೆ.