ಕೋಣ ದಾಟಿದ ಮೇಲೆ ಕ್ಲಿಕ್ ಅನ್ನುವ ಕ್ಯಾಮೆರಾ: ಹತ್ತು ವರ್ಷದ ಬಳಕೆಯ ನಂತರ

ಜೇಬಿಗೆ ಹೋಗುವ ಕಾಂಪ್ಯಾಕ್ಟ್ ಕ್ಯಾಮೆರಾ, 12 ಮೆಗಾಪಿಕ್ಸೆಲ್, 5 ಪಟ್ಟು ಝೂಮ್. ಕಂಪನಿ ಹೆಸರು ಬೇಡ.

ಕೊಂಡ ವರ್ಷವೇ ಕಂಬಳಕ್ಕೆ ಒಯ್ದಿದ್ದೆ. ಆ ದಿನದ ಫೋಟೋಗಳಲ್ಲಿ ಚಿಮ್ಮಿದ ಕೆಸರು ಇದೆ, ಬಾಲ ಇದೆ, ಕೋಣ ಇಲ್ಲ. ಗುಂಡಿ ಒತ್ತಿದರೆ ಲೆನ್ಸ್ ಜುಂಯ್ ಜುಂಯ್ ಅಂತ ಹಿಂದೆ ಮುಂದೆ ಆಡಿ ಕ್ಲಿಕ್ ಅನ್ನುವಷ್ಟರಲ್ಲಿ ಜೋಡಿ ನನ್ನನ್ನು ದಾಟಿ ಓಟ ಮುಗಿಯುವ ಮಂಜೊಟ್ಟಿಯತ್ತ ಹೋಗಿರುತ್ತಿತ್ತು.

ಹೊತ್ತು ತಿನ್ನುವುದು ಶಟರ್ ಅಲ್ಲ, ಫೋಕಸ್ ಅಂತ ತಿಳಿಯಲು ಎರಡು ವರ್ಷ ಬೇಕಾಯಿತು. ಈ ಕ್ಯಾಮೆರಾ ಲೆನ್ಸನ್ನು ಚೂರು ಚೂರೇ ಸರಿಸುತ್ತಾ ಅಂಚುಗಳು ಎಷ್ಟು ಸ್ಪಷ್ಟವಾದವು ಅಂತ ನೋಡುತ್ತದೆ. ಮತ್ತೆ ಮಸುಕಾಗತೊಡಗಿದ ಮೇಲೆಯೇ ದಾಟಿಬಿಟ್ಟೆ ಅಂತ ಗೊತ್ತಾಗಿ ವಾಪಸು ಬರುತ್ತದೆ. ಲೆನ್ಸ್ ಬದಲಿಸಬಹುದಾದ ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾದ ಫೇಸ್ ಡಿಟೆಕ್ಷನ್‌ಗೆ (ಮುಖ ಗುರುತಿಸುವ face ಅಲ್ಲ, phase) ಯಾವ ಕಡೆ, ಎಷ್ಟು ಸರಿಯಬೇಕು ಅಂತ ಮೊದಲೇ ಅಂದಾಜು ಸಿಗುತ್ತದೆ; ಇದಕ್ಕೆ ತಡಕಾಟವೇ ಗತಿ.

ಹಾಗಾಗಿ ಆ ತಡಕಾಟವನ್ನು ಮೊದಲೇ ಮುಗಿಸಿಡುತ್ತೇನೆ. ಕೋಣಗಳು ಹಾದುಹೋಗುವ ದೂರದಲ್ಲೇ ಇರುವ ಕರೆಯ (ಕೋಣ ಓಡುವ ಕೆಸರಿನ ಹಾದಿಯ) ಅಂಚಿನ ಮೇಲೆ ಗುರಿಯಿಟ್ಟು ಗುಂಡಿ ಅರ್ಧ ಒತ್ತಿ ಹಿಡಿಯುವುದು, ಹಸಿರು ಚೌಕ ಬಂದ ಮೇಲೆ ಬೆರಳು ಕದಲಿಸದೆ ಕಾಯುವುದು, ಜೋಡಿ ಬಂದಾಗ ಪೂರ್ತಿ ಒತ್ತುವುದು. ಅದೂ ಒಂದು ಕೂದಲೆಳೆ ಮುಂಚೆ, ಯಾಕೆಂದರೆ ಹಿಂದಿನ ಪರದೆ ತೋರಿಸುವುದೂ ಸ್ವಲ್ಪ ಹಳೆಯ ದೃಶ್ಯವೇ. (ಬೆರಳು ನೋಯುತ್ತದೆ, ನಿಜ.)

ಫ್ಲ್ಯಾಶಿಗೆ ಕಣ್ಣು ಕೆಂಪಾಗುವುದನ್ನು ತಗ್ಗಿಸುವ ರೆಡ್ ಐ ಸೌಲಭ್ಯ ಆಫ್ ಮಾಡಿ. ಕಣ್ಣಿನ ಪಾಪೆ ಕುಗ್ಗಲಿ ಅಂತ ಮೊದಲು ಬೆಳಕು ಬಿಟ್ಟು, ಆಮೇಲೆ ಫೋಟೋ ತೆಗೆಯುತ್ತದೆ. ಅಷ್ಟರಲ್ಲಿ ಮಗು ಮೇಣದಬತ್ತಿ ಊದಿ ಕೇಕಿಗೆ ಕೈ ಹಾಕಿರುತ್ತದೆ. ಬಸ್ಸಿನ ಕಿಟಕಿಯಿಂದ ತೆಗೆಯುವಾಗ ಬೆಟ್ಟದ ಚಿಹ್ನೆಯ ಮೋಡ್ ಸಾಕು, ಅದು ಸೀದಾ ದೂರಕ್ಕೇ ಫೋಕಸ್ ಇಡುತ್ತದೆ. ಅಂಗಡಿಯವರ ಮಾತು ಕೇಳಿ ದುಬಾರಿ ಮೆಮೊರಿ ಕಾರ್ಡ್ ತಂದೆ. ಒಂದು ಫೋಟೋದಿಂದ ಇನ್ನೊಂದಕ್ಕೆ ಕಾಯುವುದು ತಗ್ಗಿತು, ಮೊದಲ ಕ್ಲಿಕ್ಕು ಇದ್ದಷ್ಟೇ ನಿಧಾನ.

ನಿಜವಾದ ಪರೀಕ್ಷೆ ರಾತ್ರಿಯ ಯಕ್ಷಗಾನ. ಕತ್ತಲಲ್ಲಿ ಝೂಮ್ ಎಳೆದರೆ ಫೋಕಸ್ ಸಿಗುವುದೇ ಇಲ್ಲ, ಅದಕ್ಕೇ ಮುಂದಿನ ಸಾಲಿನಲ್ಲಿ ಕೂತು ಝೂಮ್ ಇಲ್ಲದೆ ತೆಗೆಯುತ್ತೇನೆ. ಫೋಕಸ್ ಚೌಕವನ್ನು ಮಧ್ಯದ ಒಂದಕ್ಕೇ ಇಳಿಸಿ ಕಿರೀಟದ ಹೊಳೆಯುವ ಅಂಚಿಗೆ ಹಿಡಿಯುತ್ತೇನೆ. ಕಪ್ಪು ಬಟ್ಟೆಗೆ ಹಿಡಿದರೆ ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಅರ್ಥ ಹೇಳುತ್ತಾ ನಿಂತ ವೇಷ ಚೆನ್ನಾಗಿ ಬರುತ್ತದೆ. ಗಿರಗಿರನೆ ಹಾರಿ ತಿರುಗುವ ಧೀಂಗಿಣ ಮಾತ್ರ ಈ ಹತ್ತು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಅದಕ್ಕೆ ತಮ್ಮನ ಎಸ್‌ಎಲ್‌ಆರ್ ಕೇಳುತ್ತೇನೆ, ಅವನು ಕೊಟ್ಟರೆ.