ಆಟೋಟದ ಇತಿಹಾಸ ತೋರಿಸಲು ನಗರದ ಗಾಜಿನ ಪೆಟ್ಟಿಗೆಯೋ, ಊರಿನ ಅರಮನೆಯ ಅಂಗಳವೋ?

ಮಕ್ಕಳಿಗೆ ನಮ್ಮ ನಾಡಿನ ಆಟೋಟಗಳ ಇತಿಹಾಸವನ್ನು ಕಣ್ಣಾರೆ ತೋರಿಸಬೇಕೆಂಬ ಆಸೆಯಿಂದ ಕಳೆದ ಬೇಸಿಗೆ ರಜೆಯಲ್ಲಿ ಒಂದು ಪ್ರವಾಸವನ್ನೂ ದಸರಾ ರಜೆಯಲ್ಲಿ ಇನ್ನೊಂದು ಸುತ್ತಾಟವನ್ನೂ ಮಾಡಿದೆವು. ಮೊದಲನೆಯದು ದೂರದ ದೊಡ್ಡ ನಗರವೊಂದರ ಖಾಸಗಿ ಕ್ರೀಡಾ ವಸ್ತುಸಂಗ್ರಹಾಲಯಕ್ಕೆ. ಎರಡನೆಯದು ಶಿವಮೊಗ್ಗದಲ್ಲೇ, ಬೆಳಿಗ್ಗೆ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ, ಸಂಜೆ ಒಂದು ಗರಡಿಮನೆಗೆ. ರೈಲು, ವಸತಿ, ಊಟ, ಟಿಕೆಟ್ ಎಲ್ಲ ಸೇರಿ ಐದು ಜನರ ಮೊದಲ ಪ್ರವಾಸಕ್ಕೆ 14,000 ರೂಪಾಯಿ ಆಯಿತು. ಎರಡನೆಯದಕ್ಕೆ ಆಟೋ ಬಾಡಿಗೆ ಮತ್ತು ಮಸಾಲೆ ದೋಸೆ ಸೇರಿಸಿದರೂ 1,000 ದಾಟಲಿಲ್ಲ. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆದರೆ ಅದಕ್ಕೆ ದುಡ್ಡೊಂದೇ ಕಾರಣವಲ್ಲ.

ನಗರದ ಸಂಗ್ರಹಾಲಯದಲ್ಲಿ ಜನರನ್ನು ತಂಡ ಮಾಡಿ ಒಳಗೆ ಬಿಡುತ್ತಾರೆ. ಒಂದು ತಂಡಕ್ಕೆ ಆರು ಕೊಠಡಿ, 40 ನಿಮಿಷ. ಮಾರ್ಗದರ್ಶಿ ಮುಂದಿನ ಕೊಠಡಿಗೆ ದಾಟಿದೊಡನೆ ಹಿಂದಿನದರ ದೀಪ ಆರುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಇದು ಅಚ್ಚುಕಟ್ಟಾದ ವ್ಯವಸ್ಥೆಯೆಂದೇ ನನಗೆ ಅನಿಸಿತ್ತು. ಆದರೆ ಅಲ್ಲಿನ ವಿವರಣಾ ಫಲಕಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮಾರ್ಗದರ್ಶಿಯ ಮಾತು ಅರ್ಧಕ್ಕರ್ಧ ಹಿಂದಿಯಲ್ಲಿತ್ತು. ನನ್ನ ತಾಯಿಗೆ 72 ವರ್ಷ. ದಿನಪತ್ರಿಕೆಯನ್ನು ಮೊದಲ ಪುಟದಿಂದ ನಿಧನವಾರ್ತೆಯವರೆಗೆ ಬಿಡದೆ ಓದುವವರು, ಇಂಗ್ಲಿಷ್ ಮಾತ್ರ ಬಾರದು. ಹೀಗಾಗಿ ಪ್ರತಿ ಫಲಕದ ಮುಂದೆಯೂ ಅವರು "ಏನಂತೆ ಪುಟ್ಟಾ ಇದು?" ಎಂದು ಕೇಳುವುದು, ಎಂಟನೇ ತರಗತಿಯ ನನ್ನ ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಅವನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ದೀಪ ಆರಿ ಹಿಂದಿನಿಂದ ಒಬ್ಬ ಸಿಬ್ಬಂದಿ "ಮುಂದೆ ನಡೆಯಿರಿ" ಎಂದು ಕೈ ಬೀಸುವುದು, ಇದೇ ಮೊದಲ ಎರಡು ಕೊಠಡಿಗಳ ಕಥೆಯಾಯಿತು.

ಮೂರನೇ ಕೊಠಡಿಯಲ್ಲಿ ಗುಂಡಪ್ಪ ವಿಶ್ವನಾಥ್ ಅವರ ಒಂದು ಕಪ್ಪು ಬಿಳುಪಿನ ಚಿತ್ರವಿತ್ತು. ಫಲಕ ಓದುವ ಮೊದಲೇ ಅಮ್ಮ ಗುರುತು ಹಿಡಿದು, "ಇವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು ಕಣೋ" ಎಂದು ಮೊಮ್ಮಗನ ತೋಳು ಹಿಡಿದು ನಿಲ್ಲಿಸಿದರು. ಫಲಕದಲ್ಲಿ 91 ಟೆಸ್ಟ್, 6,080 ರನ್ ಎಂಬ ಲೆಕ್ಕವಷ್ಟೇ ಇತ್ತು. ಅಮ್ಮನ ಬಳಿ ಇದ್ದದ್ದು 1975ರ ಜನವರಿ. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್. ಆ್ಯಂಡಿ ರಾಬರ್ಟ್ಸ್ ಬೌಲಿಂಗಿಗೆ ಉಳಿದವರೆಲ್ಲ ತತ್ತರಿಸುತ್ತಿದ್ದಾಗ ತಂಡದ 190 ರನ್ನುಗಳಲ್ಲಿ 97ನ್ನು ಔಟಾಗದೆ ಹೊಡೆದವರು ವಿಶ್ವನಾಥ್. ಮನೆಯಲ್ಲಿ ಅಡಿಕೆ ಸುಲಿಯುವ ಕಾಲವದು. ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಹೆಂಗಸರೂ ಟ್ರಾನ್ಸಿಸ್ಟರಿನ ಕಡೆಗೆ ಕಿವಿ ಕೊಟ್ಟಿದ್ದರಂತೆ. "ಮೂರೇ ಮೂರು ರನ್ನು ಬೇಕಿತ್ತು, ಜೊತೆಗೆ ನಿಲ್ಲುವವರೇ..." ಎನ್ನುವಲ್ಲಿಗೆ ದೀಪ ಆರಿತು. ವಾಕ್ಯದ ಉಳಿದರ್ಧವನ್ನು ಅಮ್ಮ ಕತ್ತಲಲ್ಲೇ ಹೇಳಿ ಮುಗಿಸಿದರು.

ಸ್ವಲ್ಪ ನಿಧಾನಿಸಲು ಅವಕಾಶ ಕೊಡಿ ಎಂದು ಕೇಳಿದ್ದಕ್ಕೆ, ಬೇಕಿದ್ದರೆ ಇನ್ನೊಂದು ತಂಡದ ಟಿಕೆಟ್ ಕೊಂಡು ಮತ್ತೆ ಬರಬಹುದು ಎಂಬ ಉತ್ತರ ಸಿಕ್ಕಿತು. ಐದನೇ ಕೊಠಡಿಯ ಹೊತ್ತಿಗೆ ಅಮ್ಮ ಏನನ್ನೂ ಕೇಳುವುದನ್ನೇ ಬಿಟ್ಟಿದ್ದರು. ನನಗೆ ಇಂದಿಗೂ ಕಿರಿಕಿರಿಯಾಗುವುದು ಹಣ ಹೋದದ್ದಕ್ಕಲ್ಲ, ಆ ಮೌನಕ್ಕೆ.

ಆದರೂ ಅಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದರೆ ಅನ್ಯಾಯವಾದೀತು. ಮಹಿಳಾ ಕ್ರಿಕೆಟ್ಟಿಗೆ ಒಂದು ಇಡೀ ಗೋಡೆಯನ್ನೇ ಬಿಟ್ಟಿದ್ದರು. 2017ರ ವಿಶ್ವಕಪ್ ಫೈನಲಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಭಾರತ 9 ರನ್ನುಗಳಿಂದ ಸೋತಾಗ 35 ರನ್ ಮಾಡಿದ್ದ ವೇದಾ ಕೃಷ್ಣಮೂರ್ತಿ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು ಎಂದು ತಿಳಿದಾಗ ನಾಲ್ಕನೇ ತರಗತಿಯ ಮಗಳ ಮುಖ ಅರಳಿತು. ಲಿಫ್ಟು, ಕುಡಿಯುವ ನೀರು, ಶೌಚಾಲಯಗಳಿಗೆ ನನ್ನ ಪತ್ನಿ ಪೂರ್ಣ ಅಂಕ ಕೊಟ್ಟಿದ್ದಾಳೆ.

ಅರಮನೆಯ ವಸ್ತುಸಂಗ್ರಹಾಲಯ ಕ್ರೀಡೆಗೆಂದು ಮಾಡಿದ್ದಲ್ಲ. ಬ್ಯಾಟು, ಪದಕಗಳನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆ ಖಂಡಿತ. ನಾವು ಹೋದದ್ದು ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲುಗಳಿಗಾಗಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಇಷ್ಟನ್ನು ನಾನು ಒಮ್ಮೆ ಹೇಳಿಕೊಟ್ಟ ಮೇಲೆ ಯಾರಿಗೂ ಯಾವ ಭಾಷೆಯ ಫಲಕವೂ ಬೇಕಾಗಲಿಲ್ಲ. ಒಂದು ಕಲ್ಲಿನ ಮುಂದೆ ಮಗಳು ಕುಕ್ಕರುಗಾಲಿನಲ್ಲಿ ಕುಳಿತು, ಸವೆದ ಕೆಳಪಟ್ಟಿಕೆಯ ಮೇಲೆ ಬೆರಳಾಡಿಸಿ, "ಅಜ್ಜೀ, ಇಲ್ಲಿ ದನಗಳಿವೆ, ಕೋಡು ನೋಡಿ" ಎಂದಳು. ತುರುಗೋಳಿನಲ್ಲಿ, ಅಂದರೆ ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ಕಾದಾಡಿ ಮಡಿದವನ ಕಲ್ಲು ಅದು.

ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಮಾರ್ಗದರ್ಶಿಯಾದವರು ಅಮ್ಮ. ಅವರ ತವರು ಶಿಕಾರಿಪುರದ ಕಡೆ. ದೀಪಾವಳಿ ಮುಗಿದ ಮೇಲೆ ಅಲ್ಲಿ ನಡೆಯುವ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಕೇರಿಯೊಳಗೆ ಬಿಡುವುದು, ಇಕ್ಕೆಲದಲ್ಲಿ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕೀಳಲು ನೋಡುವುದು, ಯಾರ ಕೈಗೂ ಸಿಗದೆ ದಾಟಿದ ಹೋರಿಯ ಹೆಸರನ್ನು ಊರೆಲ್ಲ ವರ್ಷವಿಡೀ ಹೇಳುವುದು, ಎಲ್ಲವನ್ನೂ ಅವರು ಕಲ್ಲಿನ ದನಗಳನ್ನು ತೋರಿಸುತ್ತಲೇ ವಿವರಿಸಿದರು. ತುರುಗೋಳಿಗೂ ಹೋರಿ ಹಬ್ಬಕ್ಕೂ ನಂಟಿದೆ ಎಂದು ನಾನು ವಾದಿಸಲಾರೆ. ಆದರೆ ದನದ ಹಿಂದೆ ಓಡುವ ಗಂಡಸರನ್ನು ಕಲ್ಲಿನಲ್ಲಿ ಕಂಡ ಮಕ್ಕಳಿಗೆ ಆ ಹಬ್ಬ ಸುಲಭವಾಗಿ ಅರ್ಥವಾಯಿತು.

ಗರಡಿಮನೆ ನನ್ನ ಮಗನಿಗೆ ಹಿಡಿಸಿತು. ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಸಂಗ್ರಾಣಿ ಕಲ್ಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವನ್ನು ವಿವರಿಸಿದ್ದಾನೆ ಎಂದು ನಾನು ಹೇಳತೊಡಗಿದರೆ, ಮಗ ಆಗಲೇ ಉಸ್ತಾದರ ಅನುಮತಿ ಪಡೆದು ಗದೆಯನ್ನು ಹೆಗಲಿಗೇರಿಸಲು ಹೆಣಗುತ್ತಿದ್ದ. ಗಾಜಿನ ಪೆಟ್ಟಿಗೆಯೊಳಗಿನ ಯಾವ ವಸ್ತುವನ್ನೂ ಅವನು ಹಾಗೆ ಮುಟ್ಟಿರಲಿಲ್ಲ.

ಆದರೆ ಮಗಳನ್ನು ಅಖಾಡದ ಮಣ್ಣಿಗೆ ಇಳಿಯಗೊಡಲಿಲ್ಲ; ಅದು ಅಲ್ಲಿನ ಹಳೆಯ ಕಟ್ಟಳೆಯಂತೆ. ಅವಳು ಹೊಸ್ತಿಲಲ್ಲಿ ಅಜ್ಜಿಯ ಪಕ್ಕ ನಿಂತು ನೋಡಿದಳು, ಮನೆಗೆ ಬರುವವರೆಗೂ ಮಾತಾಡಲಿಲ್ಲ. ಈ ಒಂದು ವಿಷಯದಲ್ಲಿ ಮಹಿಳಾ ಕ್ರಿಕೆಟ್ಟಿನ ಗೋಡೆಯಿದ್ದ ನಗರದ ಸಂಗ್ರಹಾಲಯವೇ ಮೇಲು ಎಂದು ಒಪ್ಪಿಕೊಳ್ಳುತ್ತೇನೆ.

ಇಂಗ್ಲಿಷ್ ಸರಾಗವಾಗಿ ಓದುವ, ಚುರುಕಾಗಿ ನಡೆಯುವ, ಕ್ರಿಕೆಟ್ಟೊಂದನ್ನೇ ನೋಡಬಯಸುವ ಮನೆಯವರು ನಗರಕ್ಕೇ ಹೋಗಲಿ. ನಾನು ಸಂಬಳದ ದಿನ ಎಣಿಸುವ ಶಿಕ್ಷಕ. ನಮ್ಮ ಮನೆಯಲ್ಲಿ ಎಲ್ಲಿಗೆ ಹೋದರೂ ಐವರೂ ಕೂಡಿಯೇ ಹೋಗುವ ರೂಢಿ, ಅಮ್ಮ ಕೂತು ಎದ್ದು ನಡೆಯುವಷ್ಟೇ ನಮ್ಮೆಲ್ಲರ ವೇಗ. ಹಾಗಾಗಿ ಮುಂದಿನ ರಜೆಗೂ ಅರಮನೆಯ ಅಂಗಳವೇ ಎಂದು ತೀರ್ಮಾನವಾಗಿದೆ. ಗರಡಿಮನೆಯ ಬದಲು ಆ ಸಂಜೆ ನವುಲೆಯ ಕ್ರೀಡಾಂಗಣದ ಕಡೆಗೆ ಹೋಗಬೇಕೆಂಬುದು ಮಗಳ ಷರತ್ತು. ಅಮ್ಮ ಕೇಳಿರುವುದು ಒಂದು ಮಡಚುವ ಕುರ್ಚಿ. ಕಲ್ಲಿನ ಕೆಳಪಟ್ಟಿಕೆ ನೋಡಲು ಬಗ್ಗಿ ಬಗ್ಗಿ ಹೋದ ಸಲ ಅವರ ಸೊಂಟ ಹಿಡಿದುಕೊಂಡಿತ್ತು.